ಅಣ್ಣನ ಹೆಸರು

ದಾರಿಯಲ್ಲಿ ವಾಹನ ತಡೆದ ಪೊಲೀಸರು ಮೊದಲು ಕೇಳುವುದು ಹೆಸರನ್ನು. ಆ ಪ್ರಶ್ನೆಗೆ ಸುಳ್ಳು ಉತ್ತರ ಕೊಡುವವರಲ್ಲಿ ದುರುಳರಿಗಿಂತ ಹೆದರಿದವರೇ ಹೆಚ್ಚೆಂಬುದು ಕಾಸರಗೋಡಿನಲ್ಲಿ 18 ವರ್ಷಗಳ ವಕೀಲಿ ವೃತ್ತಿ ನನಗೆ ಕಲಿಸಿದ ಪಾಠ.

ಕಳೆದ ವರ್ಷ ಒಡಹುಟ್ಟಿದ ಸೋದರರಿಬ್ಬರು ನನ್ನ ಕಚೇರಿಗೆ ಬಂದು, ಒಬ್ಬರ ಮುಖ ಒಬ್ಬರು ನೋಡದೆ ಕುಳಿತರು. ತಮ್ಮನ ಮಗನಿಗೆ 16 ವರ್ಷ. ಸ್ಕೂಟರಿನಲ್ಲಿ ಹೋಗುವಾಗ ಪೊಲೀಸರ ಕೈಗೆ ಸಿಕ್ಕವನು, ಲೈಸೆನ್ಸ್ ಮನೆಯಲ್ಲಿದೆಯೆಂದು ಹೇಳಿ ದೊಡ್ಡಪ್ಪನ ಮಗನ ಹೆಸರನ್ನು ಬರೆಸಿದ್ದ. ಸಮನ್ಸ್ ಹೋದದ್ದು ಆ ಅಣ್ಣನಿಗೆ. ಅವನಾದರೋ ಅಂದು ಮಂಗಳೂರಿನಲ್ಲಿ ಕೆಲಸದಲ್ಲಿದ್ದ. ಮೇಲಾಗಿ ಪಾಸ್‌ಪೋರ್ಟಿಗೆ ಅರ್ಜಿ ಹಾಕಿ ಕಾಯುತ್ತಿದ್ದ.

"ಹೀಗೇಕೆ ಮಾಡಿದೆ ಮಗೂ?" ಎಂದು ಹುಡುಗನನ್ನು ಕೇಳಿದೆ.

"ನನ್ನ ಹೆಸರು ಹೇಳಿದರೆ ಅಪ್ಪನಿಗೆ ಜೈಲಾಗುತ್ತದೆ ಸರ್. ಅಣ್ಣನಿಗೆ ಲೈಸೆನ್ಸ್ ಇದೆ, ಅವನಿಗೇನೂ ಆಗದು ಎಂದುಕೊಂಡೆ" ಎಂದ.

ಅವನ ಹೆದರಿಕೆ ಬರಿಯ ಕಲ್ಪನೆಯಲ್ಲ. 2019ರ ತಿದ್ದುಪಡಿಯಿಂದ ಮೋಟಾರು ವಾಹನ ಕಾಯಿದೆಗೆ ಸೇರಿದ 199ಎ ಕಲಮಿನಂತೆ, ಲೈಸೆನ್ಸ್ ಇಲ್ಲದ ಅಪ್ರಾಪ್ತರು ವಾಹನ ಓಡಿಸಿದರೆ ಪಾಲಕರಿಗೆ ಅಥವಾ ವಾಹನದ ಒಡೆಯರಿಗೆ 3 ವರ್ಷಗಳವರೆಗೆ ಸಜೆ ಮತ್ತು 25,000 ರೂಪಾಯಿ ದಂಡವಿದೆ. ತಮಗೆ ತಿಳಿಯದೆ ನಡೆಯಿತೆಂದು ಸಾಬೀತುಪಡಿಸುವ ಹೊಣೆಯೂ ಅವರದೇ. ಕೀಲಿಕೈ ಕೊಟ್ಟದ್ದು ಅಪ್ಪ. ಅಪ್ಪನನ್ನು ಉಳಿಸಲೆಂದು ಮಗ ಅಣ್ಣನನ್ನು ಸಿಕ್ಕಿಸಿದ. ಅಣ್ಣನ ಕೆಲಸದ ಹಾಜರಿ ದಾಖಲೆ ಮತ್ತು ತಮ್ಮನ ನಿಜ ಹೇಳಿಕೆಯಿಂದ ಕೇಸಿನ ತಪ್ಪು ತಿದ್ದಿಹೋಯಿತು. ಎರಡು ಮನೆಗಳ ನಡುವಿನ ಹೋಗುಬರುವಿಕೆ ಮೊದಲಿನಂತಾಗಲು ಅದಕ್ಕಿಂತ ಹೆಚ್ಚು ಕಾಲ ಹಿಡಿಯಿತು.

ಸುಳ್ಳು ಹೆಸರು ಹೇಳುವುದೇ ಪ್ರತ್ಯೇಕ ಅಪರಾಧವೆಂಬುದು ಹಲವರಿಗೆ ತಿಳಿಯದು. ಅದೇ ಕಾಯಿದೆಯ 179ನೆಯ ಕಲಮಿನಂತೆ, ಕೊಡಲೇಬೇಕಾದ ಮಾಹಿತಿಯನ್ನು ತಿಳಿದೂ ತಪ್ಪಾಗಿ ಕೊಟ್ಟರೆ ಒಂದು ತಿಂಗಳವರೆಗೆ ಸಜೆ, 2,000 ರೂಪಾಯಿವರೆಗೆ ದಂಡ, ಅಥವಾ ಎರಡೂ ಆಗಬಹುದು. ಸಣ್ಣಪುಟ್ಟ ಅಪರಾಧಗಳಿಗೆ ಸಾಮಾನ್ಯವಾಗಿ ವಾರಂಟ್ ಇಲ್ಲದೆ ಬಂಧಿಸುವಂತಿಲ್ಲ. ಆದರೆ ಹೇಳಿದ ಹೆಸರು ಸುಳ್ಳೆಂದು ನಂಬಲು ಕಾರಣವಿದ್ದರೆ, 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 39ನೆಯ ಕಲಮಿನಂತೆ, ನಿಜವಾದ ಹೆಸರು ತಿಳಿಯಲೆಂದೇ ಬಂಧಿಸಬಹುದು. ಹೆಸರು, ವಿಳಾಸ ಖಚಿತವಾದೊಡನೆ ಮುಚ್ಚಳಿಕೆಯ ಮೇಲೆ ಬಿಡಬೇಕು. 24 ಗಂಟೆಗಳೊಳಗೆ ಖಚಿತವಾಗದಿದ್ದರೆ ಮ್ಯಾಜಿಸ್ಟ್ರೇಟರ ಬಳಿಗೆ ಕಳುಹಿಸಬೇಕು.

ಗಡಿನಾಡಿನವರಾದ ನಮಗೆ ಇನ್ನೊಂದು ತೊಡಕಿದೆ. ಕನ್ನಡ ಶಾಲೆಯ ದಾಖಲೆಯಲ್ಲಿ ಸುರೇಶನಾಗಿದ್ದವನು ಮಲಯಾಳದ ಕಾಗದದಲ್ಲಿ ಸುರೇಶನ್ ಆಗಿರುತ್ತಾನೆ. ಒಂದು ಕಡೆ ಮನೆಹೆಸರು ಇನಿಷಿಯಲ್ ಆಗಿದ್ದರೆ ಇನ್ನೊಂದು ಕಡೆ ಪೂರ್ತಿಯಾಗಿ ಬಂದಿರುತ್ತದೆ. ಇದು ಸುಳ್ಳು ಹೆಸರಲ್ಲ. ತಿಳಿದೂ ಸುಳ್ಳಾಡಿದನೇ ಎಂಬುದನ್ನು ಕಾನೂನು ನೋಡುತ್ತದೆಯೇ ಹೊರತು ಕಾಗುಣಿತವನ್ನಲ್ಲ. ಆದರೂ ಲೈಸೆನ್ಸಿನಲ್ಲಿರುವಂತೆಯೇ ಹೆಸರು ಹೇಳುವುದು ಲೇಸು. ಮಲಯಾಳ ತೊದಲುವ ನಮ್ಮ ಮಕ್ಕಳು ಕನ್ನಡದಲ್ಲಿಯೇ ನಿಧಾನವಾಗಿ ಉತ್ತರಿಸಲಿ. ಭಾಷೆ ಬಾರದಿರುವುದು ಅಪರಾಧವಲ್ಲ.

ಹಾಗೆಂದು ಸುಳ್ಳು ಹೇಳಬೇಡವೆಂದು ಮಕ್ಕಳಿಗೆ ಉಪದೇಶಿಸಿದರಷ್ಟೇ ಸಾಲದು. ಲೈಸೆನ್ಸ್ ಇಲ್ಲದ ಮಗನಿಗೆ "ಅಂಗಡಿಗೆ ಹೋಗಿ ಬಾ" ಎಂದು ಸ್ಕೂಟರ್ ಕೊಡುವ ತಂದೆತಾಯಿಗಳು, ಅವನನ್ನು ಪೊಲೀಸರು ತಡೆದಾಗ ಅವನು ಏನು ಹೇಳಬೇಕೆಂದು ತಾವು ಬಯಸುತ್ತೇವೆ ಎಂಬುದನ್ನು ಒಮ್ಮೆ ಯೋಚಿಸಲಿ.