ಬಿಸಿಲುನಾಡಿನ ಕೈತೋಟಕ್ಕೆ ಹುಲ್ಲುಹಾಸೇಕೆ?

ಒಂದು ಚದರ ಮೀಟರ್ ನೆಲಕ್ಕೆ ಒಂದು ಮಿ.ಮೀ. ನೀರೆಂದರೆ ಒಂದು ಲೀಟರ್. ಬೇಸಿಗೆಯಲ್ಲಿ ಹುಲ್ಲುಹಾಸಿಗೆ ದಿನಕ್ಕೆ 5 ಮಿ.ಮೀ. ಎಂದಿಟ್ಟುಕೊಂಡರೂ ನೂರು ಚದರ ಮೀಟರಿಗೆ 500 ಲೀಟರ್ ಬೇಕು. ಬೋರ್‌ವೆಲ್‌ಗಳು ಬತ್ತುವ ರಾಯಚೂರು, ವಿಜಯಪುರದಂಥ ಊರುಗಳಲ್ಲಿ ಇದು ತೋಟವಲ್ಲ, ಸಾಲ. ಅದೇ ನೆಲದಲ್ಲಿ ತಂಗಡಿ, ಬಂದರಿಕೆ, ಲಕ್ಕಿ, ಕವಳೆ ಬೇರು ಬಿಟ್ಟರೆ ಮಳೆಯಲ್ಲೇ ಬದುಕುತ್ತವೆ. ಬಂದರಿಕೆಯ ಎಲೆಗೆ ಅಂಟಿನ ಲೇಪವಿದೆ. ಮುತ್ತುಗ ಎಲೆ ಉದುರಿಸಿ ನೀರು ಉಳಿಸುತ್ತದೆ. ಬರವನ್ನು ಎದುರಿಸುವ ಉಪಾಯ ಅವುಗಳ ಮೈಯಲ್ಲೇ ಇದೆ.

ಕಾಡುಗಿಡಗಳಲ್ಲಿ ಅಂದವೆಲ್ಲಿ ಎನ್ನುವವರು ಎಲೆಯಿಲ್ಲದ ಮುತ್ತುಗ ಕೆಂಪಾಗಿ ಹೂಬಿಡುವುದನ್ನೂ ಸುಡುಬಿಸಿಲಲ್ಲಿ ಕಕ್ಕೆಯ ಹಳದಿ ಗೊಂಚಲುಗಳನ್ನೂ ನೋಡಬೇಕು. ನೀರೇ ಬೇಡವೇ ಎಂದರೆ, ಬೇಕು: ಮೊದಲ ಒಂದೆರಡು ಬೇಸಿಗೆ ಬುಡಕ್ಕೆ ನೀರು, ತರಗೆಲೆಯ ಹೊದಿಕೆ ಅಗತ್ಯ. ಬರ ತಾಳುವ ಪರದೇಶಿ ಗಿಡವಾದರೇನು ಎಂಬ ಪ್ರಶ್ನೆ ಇನ್ನೂ ಗಟ್ಟಿಯಾದದ್ದು. ಹೊರಗಿನದೆಲ್ಲ ಕೇಡಲ್ಲ, ನಿಜ. ಆದರೆ ಅಮೆರಿಕ ಖಂಡದಿಂದ ಬಂದ ಬಳ್ಳಾರಿ ಜಾಲಿಯೂ ಬರ ತಾಳಿತು. ತಾಳಿದ್ದಷ್ಟೇ ಅಲ್ಲ, ಗೋಮಾಳಗಳನ್ನೂ ಕೆರೆಯಂಗಳಗಳನ್ನೂ ನುಂಗಿತು. ಆದ್ದರಿಂದ ಗಿಡ ಬದುಕುತ್ತದೆಯೇ ಎಂದು ಕೇಳಿದರೆ ಸಾಲದು, ತನ್ನ ಜೊತೆ ಯಾರನ್ನು ಬದುಕಿಸುತ್ತದೆ ಎಂದೂ ಕೇಳಬೇಕು. ಎಕ್ಕದ ಎಲೆ ತಿಂದು ಒಂದು ಜಾತಿಯ ಚಿಟ್ಟೆಯ ಹುಳು ಬೆಳೆಯುತ್ತದೆ, ಕಕ್ಕೆಯ ಎಲೆ ತಿಂದು ಇನ್ನೊಂದರದು. ಹುಲ್ಲುಹಾಸು ಹೆಚ್ಚೆಂದರೆ ನಮ್ಮ ಕಣ್ಣನ್ನಷ್ಟೇ ತಣಿಸುತ್ತದೆ.