ಬೆರಕೆ ಕತೆಗಳ ರುಚಿ

ಕತೆಗಳಲ್ಲಿಯೂ ಜಾತಿಗಳುಂಟು. ಪೌರಾಣಿಕ, ಐತಿಹಾಸಿಕ, ಸಾಮಾಜಿಕ, ಪತ್ತೇದಾರಿ, ವೈಜ್ಞಾನಿಕ ಎಂದು ವಾಚನಾಲಯದ ಕಪಾಟುಗಳಲ್ಲಿ ಅವುಗಳನ್ನು ಬೇರೆ ಬೇರೆ ಪಂಕ್ತಿಯಲ್ಲಿ ಕೂಡಿಸಿರುತ್ತಾರೆ. ಒಂದು ಪಂಕ್ತಿಯದು ಇನ್ನೊಂದಕ್ಕೆ ಬಂದರೆ ಮಡಿವಂತ ಓದುಗರು ಹುಬ್ಬು ಗಂಟಿಕ್ಕುತ್ತಾರೆ. ನಮಗೋ, ಪಂಕ್ತಿ ಮುರಿದು ಕಲೆತು ಕೂಡುವ ಕತೆಗಳೆಂದರೆ ಬಲು ಪ್ರೀತಿ. ಪುರಾಣದ ಪಾತ್ರ ಯಂತ್ರಯುಗಕ್ಕೆ ಬರಬೇಕು, ಇತಿಹಾಸದ ಯುದ್ಧಕ್ಕೆ ವಿಜ್ಞಾನದ ಪ್ರಶ್ನೆ ಎದುರಾಗಬೇಕು. ಇಂಥ ಕತೆ ಸಿಕ್ಕಿತೆಂದರೆ ರೊಟ್ಟಿ ಆರಿದರೂ ನಮಗೆ ಚಿಂತೆಯಿಲ್ಲ. ಈ ರುಚಿ ಎಲ್ಲಿಂದ ಬಂತು, ಎಲ್ಲಿಯವರೆಗೆ ಒಳ್ಳೆಯದು ಎಂಬುದನ್ನು ವಿದ್ಯಾರ್ಥಿ ಮಿತ್ರರ ಹಾಗೂ ಪಾಲಕರ ಮುಂದೆ ಇಡಬೇಕೆಂದು ಈ ನಾಲ್ಕು ಮಾತು.

ಈ ರುಚಿ ನಮಗೆ ಮೊದಲು ಪುಸ್ತಕದಿಂದ ಬಂದುದಲ್ಲ, ನೆಲದಿಂದ ಬಂದುದು. ಜತ್ತ ತಾಲೂಕಿನವರಾದ ನಾವು ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ಮರಾಠಿ, ಸಂತೆಯಲ್ಲಿ ಎರಡನ್ನೂ ಆಡುವ ಜನ. ಚಿಕ್ಕಂದಿನಲ್ಲಿ ಜಾತ್ರೆಗಳಲ್ಲಿ 'ಶ್ರೀಕೃಷ್ಣ ಪಾರಿಜಾತ' ನೋಡುತ್ತ ಬೆಳೆದೆವು. ಕುಲಗೋಡ ತಮ್ಮಣ್ಣನ ಹೆಸರಿನೊಡನೆ ಬೆಳೆದು ಬಂದ ಈ ಆಟದಲ್ಲಿ ಕತೆ ಪುರಾಣದ್ದು. ನಾರದನು ತಂದ ಒಂದು ಹೂವಿನಿಂದ ಕೃಷ್ಣನ ಅಂತಃಪುರದಲ್ಲಿ ಕಲಹ. ಆದರೆ ಮುನಿಸಿಕೊಂಡ ಸತ್ಯಭಾಮೆ ಆಡುವ ಮಾತು ನಮ್ಮ ಓಣಿಯ ಅಕ್ಕನ ಮಾತು. ಭಾಗವತನೂ ದೂತಿಯೂ ಸೇರಿ ನಗಿಸುವುದು ಊರಿನ ಸಾಲ, ಸೊಸೆ, ಸಾಹುಕಾರರ ಸುದ್ದಿಯಿಂದ. ದ್ವಾರಕೆ ಎಲ್ಲಿ, ಜತ್ತ ಎಲ್ಲಿ! ಆದರೂ ದ್ವಾರಕೆಯಲ್ಲಿ ಬಡ್ಡಿ ಸಾಹುಕಾರ ಇದ್ದನೆ ಎಂದು ಯಾವ ಪ್ರೇಕ್ಷಕನೂ ಎದ್ದು ಕೇಳಿದ್ದನ್ನು ನಾವು ಕಂಡಿಲ್ಲ. ಅದು ಆಟವೆಂಬುದು ಎಲ್ಲರಿಗೂ ಗೊತ್ತು.

ನಮ್ಮ ಜಿಲ್ಲೆಗೆ ಹೆಸರು ಕೊಟ್ಟ ಸಾಂಗ್ಲಿಯೂ ಬೆರಕೆಯ ಋಣ ಹೊತ್ತ ಊರೇ. ಕರ್ನಾಟಕದ ಭಾಗವತ ಮೇಳವೊಂದು ಅಲ್ಲಿಗೆ ಬಂದು ಆಡಿದ ಆಟವನ್ನು ಸಂಸ್ಥಾನಿಕರಾದ ಚಿಂತಾಮಣರಾವ ಪಟವರ್ಧನರು ನೋಡಿದರು. ಇಂಥದೇ ಆಟವನ್ನು ಮರಾಠಿಯಲ್ಲಿ ಮಾಡಿ ತೋರಿಸಬೇಕೆಂದು ತಮ್ಮ ಆಶ್ರಯದಲ್ಲಿದ್ದ ವಿಷ್ಣುದಾಸ ಭಾವೆಯವರಿಗೆ ಹೇಳಿದರು. ಭಾವೆಯವರು ಮರಾಠಿ ಹಾಡುಗಳನ್ನು ಕಟ್ಟಿ 1843ರ ನವೆಂಬರ 5ರಂದು 'ಸೀತಾ ಸ್ವಯಂವರ'ವನ್ನು ರಂಗಕ್ಕೆ ತಂದರು. ಇಂದಿಗೂ ಮರಾಠಿ ರಂಗಭೂಮಿ ದಿನವನ್ನು ಆಚರಿಸುವುದು ನವೆಂಬರ 5ರಂದೇ. ಬೀಜ ಕನ್ನಡದ್ದು, ಬೆಳೆ ಮರಾಠಿಯದು. ಗಡಿಯ ಮಕ್ಕಳನ್ನು 'ಬೆರಕೆ ಭಾಷೆಯವರು' ಎಂದು ಯಾರಾದರೂ ಹಂಗಿಸಿದರೆ ಈ ದಿನವನ್ನು ನೆನಪಿಸಿಕೊಡಬಹುದು.

ಓದುವ ಹವ್ಯಾಸ ಬೆಳೆದಂತೆ ಡಾ. ಜಯಂತ ನಾರಳೀಕರರ ಮರಾಠಿ ಕತೆಗಳು ಕೈಗೆ ಬಂದವು. 1938ರಲ್ಲಿ ಕೊಲ್ಹಾಪುರದಲ್ಲಿ ಹುಟ್ಟಿ, ಖಗೋಳವಿಜ್ಞಾನದಲ್ಲಿ ಜಗತ್ತಿಗೆಲ್ಲ ಹೆಸರಾಗಿ, 2025ರ ಮೇ 20ರಂದು ಪುಣೆಯಲ್ಲಿ ತೀರಿಕೊಂಡ ಮಹನೀಯರು ಅವರು. 1974ರಲ್ಲಿ ಮರಾಠಿ ವಿಜ್ಞಾನ ಪರಿಷತ್ತಿನ ಕಥಾಸ್ಪರ್ಧೆಗೆ ತಮ್ಮ ಹೆಸರಿನ ಮೊದಲಕ್ಷರಗಳನ್ನು ತಿರುಗುಮುರುಗು ಮಾಡಿ, 'ನಾರಾಯಣ ವಿನಾಯಕ ಜಗತಾಪ' ಎಂಬ ಹೆಸರಿನಿಂದ 'ಕೃಷ್ಣವಿವರ' ಎಂಬ ಕತೆ ಕಳಿಸಿ ಬಹುಮಾನ ಪಡೆದರು. ತಮ್ಮ ಹೆಸರು ನೋಡಿ ಯಾರೂ ಅಂಕ ಕೊಡಬಾರದೆಂಬುದು ಅವರ ಇಚ್ಛೆ.

ಅವರ ಪಾಣಿಪತದ ಕತೆಯೊಂದು ನಮಗೆ ಅಚ್ಚುಮೆಚ್ಚು. ಇದರ ಇಂಗ್ಲಿಷ್ ರೂಪ ಎನ್.ಸಿ.ಇ.ಆರ್.ಟಿ.ಯ 11ನೆಯ ಇಯತ್ತೆಯ ಪುಸ್ತಕದಲ್ಲಿ ಪಾಠವಾಗಿದ್ದುಂಟು. 1761ರ ಜನವರಿ 14ರಂದು ಪಾಣಿಪತದಲ್ಲಿ ಪೇಶವೆಯ ಮಗ ವಿಶ್ವಾಸರಾವ ಗುಂಡಿಗೆ ಬಲಿಯಾದನೆಂಬುದು ಇತಿಹಾಸ. ಆ ಗುಂಡು ಕಿವಿಯ ಪಕ್ಕದಿಂದ ಹಾದುಹೋಗಿದ್ದರೆ? ಇತಿಹಾಸದ ಪ್ರಾಧ್ಯಾಪಕ ಗಂಗಾಧರಪಂತರು ಅಂಥ ಇನ್ನೊಂದು ಜಗತ್ತಿನೊಳಗೆ ಕಾಲಿಡುತ್ತಾರೆ. ಅಲ್ಲಿ ಗೆದ್ದವರು ಮರಾಠರು. ಆದರೆ ಅಲ್ಲಿ ಅವರ ಪಾಂಡಿತ್ಯ ನಡೆಯುವುದಿಲ್ಲ. ಸಭೆಯೊಂದರಲ್ಲಿ ಖಾಲಿ ಇದ್ದ ಅಧ್ಯಕ್ಷರ ಕುರ್ಚಿಯ ಮೇಲೆ ಕುಳಿತು ಭಾಷಣಕ್ಕೆ ತೊಡಗಿದಾಗ ಜನ ಅವರನ್ನು ಎಬ್ಬಿಸಿ ಹಾಕುತ್ತಾರೆ. ಮರಳಿ ಬಂದಾಗ ಅವರ ಬಳಿ ಉಳಿದದ್ದು ಬಖರಿನ ಒಂದು ಹರಿದ ಹಾಳೆ. ಇತಿಹಾಸ ಮಾತ್ರವೇ ಆಗಿದ್ದರೆ ಇದು ಗುಂಡು ತಾಗಿತು ಎಂದು ಮುಗಿಯುತ್ತಿತ್ತು. ವಿಜ್ಞಾನ ಮಾತ್ರವೇ ಆಗಿದ್ದರೆ ಸೂತ್ರವಾಗಿ ಉಳಿಯುತ್ತಿತ್ತು. ಎರಡೂ ಕೂಡಿದಾಗ, 'ನಡೆದದ್ದು ಹೀಗೆಯೇ ನಡೆಯಬೇಕಿತ್ತೆ?' ಎಂಬ ಮೂರನೆಯ ಪ್ರಶ್ನೆ ಹುಟ್ಟಿತು.

ಕನ್ನಡದಲ್ಲಿ ಇಂಥ ಸುಖ ಕೊಟ್ಟದ್ದು ಪೂರ್ಣಚಂದ್ರ ತೇಜಸ್ವಿಯವರ 'ಕರ್ವಾಲೊ'. 1980ರಲ್ಲಿ ಬಂದ ಈ ಕಾದಂಬರಿಯಲ್ಲಿ ವಿಜ್ಞಾನವೂ ಇದೆ, ಹಳ್ಳಿಯ ತಮಾಷೆಯೂ ಇದೆ, ಕಾಡಿನ ಸಾಹಸವೂ ಇದೆ. ಹಾರುವ ಓತಿಯನ್ನು ಹುಡುಕಿ ಹೊರಟ ದೊಡ್ಡ ವಿಜ್ಞಾನಿಗೆ ಜೇನು ಹುಡುಕುವ ಮಂದಣ್ಣನ ಕಣ್ಣು ಬೇಕಾಗುತ್ತದೆ. ಇದನ್ನು ಯಾವ ಕಪಾಟಿನಲ್ಲಿ ಇಡಬೇಕೆಂದು ವಾಚನಾಲಯದವರು ತಲೆ ಕೆರೆದುಕೊಂಡರೆ ನಮಗೆ ಸಂತೋಷವೇ.

ಹಾಗೆಂದು ಎಲ್ಲ ಬೆರಕೆಯೂ ರುಚಿಯಲ್ಲ. ಹಾಲಿಗೆ ಹೆಪ್ಪು ಬೆರೆತರೆ ಮೊಸರು, ಹಾಲಿಗೆ ನೀರು ಬೆರೆತರೆ ಮೋಸ. ಒಮ್ಮೆ ಪರೀಕ್ಷೆಯಲ್ಲಿ ವಿಮಾನವನ್ನು ಕಂಡುಹಿಡಿದವರು ಯಾರು ಎಂಬ ಪ್ರಶ್ನೆಗೆ ಒಬ್ಬ ಹುಡುಗ 'ವಿಶ್ವಕರ್ಮ' ಎಂದು ಬರೆದ. ಸೊನ್ನೆ ಬಂತು. ಮರುದಿನ ಅವನ ಅಜ್ಜ ಶಾಲೆಗೆ ಬಂದರು.

"ಪುರಾಣ ಸುಳ್ಳ ಅಂತೀರೇನ್ರಿ ಮಾಸ್ತರ?"

"ಸುಳ್ಳ ಅನ್ನೂದಿಲ್ರಿ ಕಾಕಾ. ಪುರಾಣ ಪುರಾಣದ ಜಾಗಾದಾಗ ಇರಲಿ ಅಂತೀವಿ."

"ಹಂಗಾದ್ರ ವಿಮಾನದ ಶಾಸ್ತ್ರದ ಪುಸ್ತಕನ ಐತಂತಲ್ರಿ, ಚಿತ್ರಾ ಸುದ್ದಾ ಅದಾವಂತ?"

ಅಜ್ಜನ ಪ್ರಶ್ನೆ ನ್ಯಾಯವಾದದ್ದೇ. 'ವೈಮಾನಿಕ ಶಾಸ್ತ್ರ' ಎಂಬ ಪುಸ್ತಕ ಇದೆ, ಚಿತ್ರಗಳೂ ಇವೆ. ಆನೇಕಲ್ಲಿನ ಸುಬ್ಬರಾಯ ಶಾಸ್ತ್ರಿಗಳು ಇಪ್ಪತ್ತನೆಯ ಶತಮಾನದ ಆರಂಭದ ವರ್ಷಗಳಲ್ಲಿ ಹೇಳಿ ಬರೆಯಿಸಿದ್ದು ಅದು. 1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಐವರು ವಿಜ್ಞಾನಿಗಳು ಅದನ್ನು ಕೂಲಂಕಷವಾಗಿ ಪರೀಕ್ಷಿಸಿದರು. ಗ್ರಂಥವು 1904ಕ್ಕಿಂತ ಹಿಂದಿನದಲ್ಲ, ಅದರ ಚಿತ್ರಗಳಂತೆ ಮಾಡಿದ ವಿಮಾನ ಹಾರಲಾರದು ಎಂದು ತೀರ್ಮಾನಿಸಿದರು. ಆ ಹೊತ್ತಿಗೆ, 1903ರ ಡಿಸೆಂಬರ 17ರಂದು, ರೈಟ್ ಸಹೋದರರ ವಿಮಾನ ಅಮೇರಿಕೆಯಲ್ಲಿ ಮೊದಲ ಸಲ 12 ಸೆಕೆಂಡು ಹಾರಿ ಇಳಿದಿತ್ತು. ಆ ಪುಸ್ತಕವನ್ನೇ ಕಾದಂಬರಿಯೆಂದು ಅಚ್ಚು ಹಾಕಿದ್ದರೆ ನಾವು ಕೊಂಡು ಓದುತ್ತಿದ್ದೆವು. ಕತೆಯನ್ನು ಕತೆಯೆಂದು ಹೇಳದೆ ಶಾಸ್ತ್ರದ ಅಂಗಿ ತೊಡಿಸಿದಾಗ ಹಾಲಿಗೆ ನೀರು ಬಿದ್ದಂತೆ. ಪುರಾಣದ ಸೊಗಸೂ ಹೋಗುತ್ತದೆ, ವಿಜ್ಞಾನದ ಶಿಸ್ತೂ ಹೋಗುತ್ತದೆ.

ಇಷ್ಟನ್ನು ಅಜ್ಜನಿಗೆ ವಿವರಿಸಿ, ಹುಡುಗನಿಗೆ ಒಂದು ಕೆಲಸ ಹಚ್ಚಿದೆವು. ಪರೀಕ್ಷೆಯಲ್ಲಿ ಬರೆದದ್ದನ್ನೇ ಭಿತ್ತಿಪತ್ರಿಕೆಗೆ ಕತೆಯಾಗಿ ಬರೆದು ಕೊಡು ಎಂದೆವು. ಎಂಟು ದಿನ ಬಿಟ್ಟು ತಂದುಕೊಟ್ಟ. ಬರಗಾಲದ ವರ್ಷದಲ್ಲಿ ಪುಷ್ಪಕ ವಿಮಾನವು ಜತ್ತದ ಬಸ್ ಸ್ಟ್ಯಾಂಡಿನಲ್ಲಿ ಇಳಿಯುತ್ತದೆ. ಎಷ್ಟು ಜನ ಹತ್ತಿದರೂ ಅದರಲ್ಲಿ ಇನ್ನೊಬ್ಬನಿಗೆ ಜಾಗ ಉಂಟೆಂದು ಹಿರಿಯರು ಹೇಳುತ್ತಾರಲ್ಲ, ಥೇಟ್ ನಮ್ಮ ಎಸ್.ಟಿ.ಯಂತೆ! ಕೊಡ, ಬಿಂದಿಗೆ, ಡಬ್ಬಿ ಹಿಡಿದು ಎಲ್ಲರೂ ಹತ್ತುತ್ತಾರೆ. ಕೃಷ್ಣಾ ನದಿಯಿಂದ ನೀರು ತರಬೇಕು. ಆದರೆ ಪುಷ್ಪಕ ಓಡುವುದು ಇಂಧನದಿಂದಲ್ಲ, ಕುಳಿತವರ ಮನಸ್ಸಿನಿಂದ. ತುಂಬಿಕೊಂಡು ಮರಳುವಾಗ ಒಬ್ಬನ ಮನಸ್ಸು ಉಮದಿಗೆ, ಒಬ್ಬನದು ಸಂಖಕ್ಕೆ, ಇನ್ನೊಬ್ಬನದು ಮಾಡಗ್ಯಾಳಕ್ಕೆ ಎಳೆಯುತ್ತದೆ. ವಿಮಾನ ನಡು ಆಕಾಶದಲ್ಲಿ ನಿಂತುಬಿಡುತ್ತದೆ. ಕೆಳಗೆ ಜನ ಬಾಯಿ ತೆರೆದು ಮೇಲೆ ನೋಡುತ್ತಾರೆ. ಕಡೆಗೆ ಒಬ್ಬ ಮುದುಕಿ, "ಮೊದಲ ಯಾರ ಮನ್ಯಾಗ ಕೂಸು ಅದಾವ, ಅಲ್ಲಿಗೆ ನಡೀರಿ" ಎನ್ನುತ್ತಾಳೆ. ಎಲ್ಲರ ಮನಸ್ಸೂ ಒಂದಾಗುತ್ತದೆ, ವಿಮಾನ ಚಲಿಸುತ್ತದೆ.

ಓದಿದ ಅಜ್ಜನ ಕಣ್ಣು ತುಂಬಿ ಬಂದವು. ಸೊನ್ನೆ ಸೊನ್ನೆಯಾಗಿಯೇ ಉಳಿಯಿತು. ಆ ಮಾತನ್ನು ಅವರು ಮತ್ತೆ ಎತ್ತಲಿಲ್ಲ. ಹುಡುಗ ಪುರಾಣದಿಂದ ಒಂದೇ ನಿಯಮ ತೆಗೆದುಕೊಂಡು ಅದನ್ನು ಕಡೆಯವರೆಗೂ ಪಾಲಿಸಿದ. ವಿಜ್ಞಾನದಿಂದ 'ಹಾಗಾದರೆ ಏನಾದೀತು?' ಎಂದು ಕೇಳುವುದನ್ನು ಕಲಿತ. ಊರಿನ ನೀರಡಿಕೆ ಅವನದೇ. ಇದೇ ಸರಿಯಾದ ಹೆಪ್ಪು.

ಪಾಲಕರಲ್ಲಿ ನಮ್ಮ ವಿನಂತಿ ಇಷ್ಟೇ: ಮಕ್ಕಳು ಯಕ್ಷ, ಯಂತ್ರ, ಯುದ್ಧಗಳನ್ನು ಒಂದೇ ಪುಸ್ತಕದಲ್ಲಿ ಓದುತ್ತಿದ್ದರೆ ತಡೆಯಬೇಡಿರಿ. ವಿದ್ಯಾರ್ಥಿ ಮಿತ್ರರೆ, ಬೆರೆಸುವ ಮುನ್ನ ಎರಡನ್ನೂ ಬೇರೆ ಬೇರೆಯಾಗಿ ಚೆನ್ನಾಗಿ ಕಲಿಯಿರಿ. ಕನ್ನಡವನ್ನು ಕನ್ನಡವಾಗಿ, ಮರಾಠಿಯನ್ನು ಮರಾಠಿಯಾಗಿ, ಪುರಾಣವನ್ನು ಪುರಾಣವಾಗಿ, ವಿಜ್ಞಾನವನ್ನು ವಿಜ್ಞಾನವಾಗಿ. ಆಮೇಲೆ ಧಾರಾಳವಾಗಿ ಬೆರೆಸಿ ಒಂದು ಕತೆ ಬರೆಯಿರಿ. ಭಿತ್ತಿಪತ್ರಿಕೆಯಲ್ಲಿ ಜಾಗ ಇದೆ.