ಹಗರಿ ಉಸುಕಿನಾಗ ಪಿಕಪ್ ಗಾಲಿ ಕುಣಿದ್ರ

ಮೆಣಸಿನಕಾಯಿ ಬಿಡಿಸೋ ಕೆಲಸ ಶುರು ಆಗೈತಿ. ಹಗರಿ ಆಚೆ ದಂಡಿಗೆ ಹೊಲ ಇರೋ ನಮ್ಮಂಥವರಿಗೆ ಇನ್ನು ಎರಡು ತಿಂಗಳು ಹೊಳಿ ಉಸುಕೇ ದಾರಿ. ಸೇತುವೆ ಸುತ್ತಿ ಬಂದ್ರ ಡೀಸೆಲ್ಲೂ ಹೋಗ್ತೈತಿ, ಹೊತ್ತೂ ಹೋಗ್ತೈತಿ. (ಉಸುಕು ಹೊಡಿಯೋರ ಸುದ್ದಿ ಬ್ಯಾರೆ, ಅವರಿಗೆ ಇದು ಬರೆದಿಲ್ಲ.)

ಹೋದ ವಾರ ನಮ್ಮ ಓಣಿಯ ಹುಡುಗ ಆಚೆಯಿಂದ ಚೀಲ ತರಾಕ ಖಾಲಿ ಪಿಕಪ್ ಇಳಿಸಿದ್ದ. ನಡು ಹೊಳ್ಯಾಗ ಹಿಂದಿನ ಗಾಲಿ ದಡದಡ ಕುಣಿಯಾಕ ಹತ್ತಿದವು. ಅವನು ಇನ್ನೂ ರೇಸ್ ಕೊಟ್ಟ. ಕ್ರಾಸ್ ಮುರಿದು ಶಾಫ್ಟ್ ಕೆಳಗ ಬಿತ್ತು. ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ಎಳಿಬೇಕಾತು. ಅವರ ಮನೆಯ 32 ಚೀಲ ಕಾಯಿ ಎರಡು ರಾತ್ರಿ ಆಚೆ ಬಯಲಾಗ, ಮ್ಯಾಲೆ ಮೋಡ. ಇಬ್ಬನಿ ಕುಡಿದ ಕಾಯಿಗೆ ಮಾರ್ಕೆಟ್ಟಿನಾಗ ಏನು ರೇಟು ಕಟ್ತಾರ ಅಂತ ನಿಮಗ ಹೇಳಬೇಕಾಗಿಲ್ಲ.

ಗಾಡಿ ಹೂಳೋದು ಬ್ಯಾರೆ, ಕುಣಿಯೋದು ಬ್ಯಾರೆ. ಹೂತ್ರ ಸಲಿಕಿ ತಗೊಂಡು ತೋಡಬಹುದು. ಕುಣಿದ್ರ ಸಾಮಾನೇ ಮುರಿತೈತಿ. ಗಾಲಿ ಉಸುಕು ಹಿಡಿದಾಗ ಹಿಂದಿನ ಹೌಸಿಂಗ್ ತಿರುವಿಕೊಳ್ಳಾಕ ನೋಡ್ತೈತಿ, ಸ್ಪ್ರಿಂಗ್ ಪಟ್ಟಾ ಅದರ ಜೊತಿ ಡೊಂಕಾಗ್ತಾವ. ಅಷ್ಟರಾಗ ಗಾಲಿ ಜಾರತೈತಿ, ಪಟ್ಟಾ ಚಟ್ಟನೆ ಸೆಟೆದು ನಿಲ್ತಾವ, ಗಾಲಿ ಮತ್ತ ನೆಲಕ್ಕ ಬಡೀತೈತಿ, ಮತ್ತ ಹಿಡಿತೈತಿ. ಎತ್ತು ಜಗ್ಗಿ ಬಿಟ್ಟು, ಜಗ್ಗಿ ಬಿಟ್ಟು ಮಾಡಿದ್ರ ನೊಗದ ಕಣ್ಣಿ ಏನಾಗ್ತೈತಿ? ಹಂಗ. ಆ ಪೆಟ್ಟೆಲ್ಲ ಕ್ರಾಸಿಗೆ, ಎಕ್ಸೆಲ್ಲಿಗೆ, ಡಿಫರೆನ್ಸಿಯಲ್ ಹಲ್ಲಿಗೆ. ಹಿಂದ ಭಾರ ಇಲ್ಲದ ಖಾಲಿ ಗಾಡಿಗೆ ಇದು ಜಾಸ್ತಿ.

ಕುಣಿತ ಶುರು ಆದ ಕೂಡಲೇ ರೇಸಿನ ಮ್ಯಾಲಿಂದ ಕಾಲು ತೆಗೀರಿ. ಬ್ರೇಕ್ ಒತ್ತಬ್ಯಾಡ್ರಿ, ಗಾಲಿ ಮುಂದ ಉಸುಕಿನ ಗುಡ್ಡೆ ಆಗ್ತೈತಿ. ಗಾಡಿ ತಾನೇ ನಿಲ್ಲಲಿ. ಆಮೇಲೆ ನೀವು ಬಂದ ಗಾಲಿ ಜಾಡಿನಾಗೇ ನಾಕು ಮಾರು ಹಿಂದಕ್ಕ ಬರ್ರಿ, ಅಲ್ಲಿ ಉಸುಕು ತುಳಿದು ಗಟ್ಟಿ ಆಗಿರತೈತಿ. ಅಲ್ಲಿಂದ ಸೆಕೆಂಡ್ ಗೇರಿನಾಗ, ಒಂದೇ ಸಮ ರೇಸಿನಾಗ ಹೊರಡ್ರಿ. ಫಸ್ಟ್ ಗೇರಿಗೆ ಎಳೆತ ಜಾಸ್ತಿ, ಗಾಲಿ ಲಗೂನ ಜಾರತೈತಿ. "ಜೋರಾಗಿ ಹೊಡಿ, ದಾಟತೈತಿ" ಅನ್ನೋ ಮಾತು ಅರ್ಧ ಖರೆ. ವೇಗ ಬೇಕು, ಆದರೆ ಅದನ್ನ ಉಸುಕಿಗೆ ಇಳಿಯೋಕ್ಕಿಂತ ಮೊದಲೇ ತಗೊಂಡಿರಬೇಕು.

ಎಲ್ಲಕ್ಕಿಂತ ಮುಖ್ಯ ಗಾಳಿ. ಲೋಡಿಗಂತ ಹಿಂದಿನ ಟೈರಿಗೆ 50-60 ಪಾಯಿಂಟ್ ತುಂಬಿಸಿರ್ತೀವಿ. ಅಷ್ಟು ಗಾಳಿಗೆ ಟೈರು ಕಲ್ಲು ಇದ್ದಂಗ. ಖಾಲಿ ಗಾಡಿಗೆ ನಾನು ದಂಡ್ಯಾಗ ನಿಂತು 25ರ ಹತ್ತಿರ ಇಳಿಸ್ತೀನಿ. ಟೈರು ಅಗಲ ಆಗಿ ಉಸುಕಿನ ಮ್ಯಾಲೆ ಕೂಡ್ತೈತಿ. ಲೋಡ್ ಇದ್ದಾಗ ಅಷ್ಟು ಇಳಿಸಬ್ಯಾಡ್ರಿ. ಟ್ಯೂಬ್ ಟೈರಿದ್ದವರು ಇನ್ನೂ ಹುಷಾರು: ಗಾಳಿ ತೀರಾ ಕಮ್ಮಿ ಇದ್ದು ಗಾಲಿ ಕೊಸರಿದ್ರ ಟೈರು ರಿಮ್ಮಿನ ಮ್ಯಾಲೆ ತಿರುಗಿ ವಾಲ್ವಿನ ಬುಡ ಹರಿತೈತಿ. ದಾಟಿದ ಮ್ಯಾಲೆ ಮತ್ತ ಗಾಳಿ ತುಂಬದೆ ಡಾಂಬರ್ ರೋಡಿಗೆ ಹತ್ತಬ್ಯಾಡ್ರಿ, ಟೈರು ಕಾದು ಒಡೀತೈತಿ.

ಖಾಲಿ ಹೋಗುವಾಗ ನಾಕೈದು ಚೀಲ ಮಣ್ಣು ಹಾಕಿಕೊಳ್ರಿ, ಸರಿಯಾಗಿ ಹಿಂದಿನ ಎಕ್ಸೆಲ್ ಮ್ಯಾಲೆ ಬರೋ ಹಂಗ. ಡಾಲಿಯ ತುದಿಗೆ ಹಾಕಿದ್ರ ಮುಂದಿನ ಗಾಲಿ ಹಗುರ ಆಗಿ ಸ್ಟೇರಿಂಗ್ ಮಾತು ಕೇಳಂಗಿಲ್ಲ. ಪಟ್ಟಾದ ಯು ಬೋಲ್ಟ್ ಸಡಿಲ ಇದ್ದರೆ, ಶಾಕ್ ಅಬ್ಸಾರ್ಬರ್ ಎಣ್ಣೆ ಸೋರಿದ್ದರೆ ಏನು ಮಾಡಿದ್ರೂ ಕುಣಿಯೋದು ಪೂರಾ ನಿಲ್ಲಂಗಿಲ್ಲ. ಸ್ಪ್ಯಾನರ್ ಹಾಕಿ ಒಮ್ಮೆ ನೋಡ್ರಿ, ಕಾಲು ತಾಸಿನ ಕೆಲಸ.

ಆದಷ್ಟು ಬೆಳಿಗ್ಗೆನೇ ದಾಟ್ರಿ, ಇಬ್ಬನಿಗೆ ಮ್ಯಾಲಿನ ಉಸುಕು ಸ್ವಲ್ಪ ಬಿಗಿ ಇರತೈತಿ. ಗಾಳಿ ಪಂಪ್ ಇಲ್ಲದವರಿಗೆ ನಮ್ಮದು ಕಣದ ಗುಡಿಸಲಾಗ ಐತಿ. ಕೇಳದಿದ್ರೂ ಪರವಾಗಿಲ್ಲ, ಒಯ್ಯಿರಿ. ಸಂಜೆ ಒಳಗ ತಂದಿಡ್ರಿ ಅಷ್ಟೇ, ಹೋದ ವರ್ಷ ಒಯ್ದವರು ಮೀಟರ್ ಇನ್ನೂ ಕೊಟ್ಟಿಲ್ಲ.